ಚಕ್ರಕವಚ ಅಲಂಕಾರವೂ ಅಲ್ಲ, ಅರ್ಧ ದಿನದ ಕೆಲಸವೂ ಅಲ್ಲ

ಸಂಪಾದಕರಿಗೆ,

ಮಾನ್ಯರೇ,

ಸ್ವಂತ ಕೈಯಿಂದ ವಿಮಾನ ಕಟ್ಟುವವರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಸೊಗಸಾಗಿತ್ತು. ಆದರೆ ವೀಲ್ ಫೇರಿಂಗ್, ಅಂದರೆ ವಿಮಾನದ ಚಕ್ರವನ್ನು ಮುಚ್ಚುವ ಚಿಪ್ಪಿನಂಥ ಚಕ್ರಕವಚದ ಬಗ್ಗೆ ಅದರಲ್ಲಿ ಎರಡು ಮಾತು ಬಂದಿವೆ. ಅದು ಇರುವುದು ನೋಟಕ್ಕೆ ಎಂಬುದು ಒಂದು. ಎಲ್ಲ ಮುಗಿದ ಮೇಲೆ ಅರ್ಧ ದಿನದಲ್ಲಿ ಸಿಕ್ಕಿಸಿಬಿಡಬಹುದು ಎಂಬುದು ಇನ್ನೊಂದು. ಎರಡೂ ತಪ್ಪು. ಮೊದಲನೆಯದನ್ನು ನಂಬಿದವರು ಒಂದಿಷ್ಟು ವೇಗ ಕಳೆದುಕೊಳ್ಳುತ್ತಾರೆ, ಅಷ್ಟೆ. ಎರಡನೆಯದನ್ನು ನಂಬಿದವರ ಕವಚ ಓಡುದಾರಿಯ ಮೇಲೇ ಕಿತ್ತುಹೋಗಬಹುದು.

ಮೊದಲು ಲೆಕ್ಕ. ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾದ 5.00-5 ಅಳತೆಯ ಟೈರಿನ ವ್ಯಾಸ ಸುಮಾರು 35 ಸೆಂ.ಮೀ., ಅಗಲ 12.5 ಸೆಂ.ಮೀ. ಗಾಳಿಗೆ ಎದುರಾಗುವ ವಿಸ್ತೀರ್ಣ 0.044 ಚದರ ಮೀಟರ್. ಸೆಕೆಂಡಿಗೆ 60 ಮೀಟರ್, ಅಂದರೆ ಗಂಟೆಗೆ 216 ಕಿ.ಮೀ. ವೇಗದಲ್ಲಿ ಸಮುದ್ರಮಟ್ಟದ ಗಾಳಿ ಚದರ ಮೀಟರಿಗೆ ಸುಮಾರು 2,200 ನ್ಯೂಟನ್ ಒತ್ತಡದಿಂದ ಬಡಿಯುತ್ತದೆ. ಬ್ರೇಕು, ಆಕ್ಸಲ್, ನಟ್ಟುಗಳೆಲ್ಲ ಹೊರಗೇ ಇರುವ ಬೋಳು ಚಕ್ರಕ್ಕೆ ಎಳೆತದ (ಗಾಳಿ ಹಿಂದಕ್ಕೆ ತಡೆಯುವ ಬಲದ) ಗುಣಾಂಕ 0.5 ಎಂದು ಹಿಡಿಯಿರಿ. ಒಂದು ಚಕ್ರಕ್ಕೆ 48 ನ್ಯೂಟನ್, ಎರಡಕ್ಕೆ 96. ಇದನ್ನು 60 ಮೀಟರ್ ವೇಗದಲ್ಲಿ ದೂಡಿಕೊಂಡು ಹೋಗಲು 5.8 ಕಿಲೋವ್ಯಾಟ್ ಬೇಕು. ಪ್ರೊಪೆಲ್ಲರ್ ಶೇ 80ರಷ್ಟು ದಕ್ಷ ಎಂದುಕೊಂಡರೆ ಎಂಜಿನ್ ಕೊಡಬೇಕಾದದ್ದು 7.2 ಕಿಲೋವ್ಯಾಟ್, ಹತ್ತಿರ ಹತ್ತಿರ 10 ಅಶ್ವಶಕ್ತಿ. ನೂರು ಅಶ್ವಶಕ್ತಿಯ ಎಂಜಿನ್ನಿನಲ್ಲಿ ಹತ್ತನೇ ಒಂದು ಪಾಲು ಎರಡು ಚಕ್ರಗಳಿಗೇ ಹೋಯಿತು. ಅಮೆರಿಕದ ವಾಯುಯಾನ ಸಂಶೋಧನಾ ಸಂಸ್ಥೆ ನಾಕಾ 1930ರ ದಶಕದಲ್ಲೇ ಲ್ಯಾಂಗ್ಲಿಯ ಗಾಳಿಸುರಂಗದಲ್ಲಿ ಚಕ್ರ, ಕವಚ, ಚಕ್ರವನ್ನು ವಿಮಾನದ ಮೈಗೆ ಸೇರಿಸುವ ಕಾಲು, ಇವುಗಳ ಬೇರೆ ಬೇರೆ ಜೋಡಣೆಗಳನ್ನು ಕೂರಿಸಿ ಎಳೆತ ಅಳೆದದ್ದು ಸುಮ್ಮನೆ ಅಲ್ಲ.

ಇದೇ ಲೆಕ್ಕವನ್ನು ಕಾಲಿಗೂ ಹಾಕಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. 35 ಮಿ.ಮೀ. ದಪ್ಪ, 70 ಸೆಂ.ಮೀ. ಉದ್ದದ ಉಕ್ಕಿನ ದುಂಡು ಸರಳಿನ ಗುಣಾಂಕ 1ಕ್ಕಿಂತ ಮೇಲೆ. 1.1 ಎಂದರೂ ಒಂದು ಕಾಲಿಗೆ 59 ನ್ಯೂಟನ್. ಚಕ್ರಕ್ಕಿಂತ ಕಾಲಿನ ಎಳೆತವೇ ಹೆಚ್ಚು! ಹಾಗಾಗಿ ದುಂಡು ಕಾಲಿನ ವಿಮಾನದಲ್ಲಿ ಚಕ್ರಕ್ಕೆ ಮಾತ್ರ ಕವಚ ತೊಡಿಸಿ ಕಾಲನ್ನು ಬೋಳಾಗಿ ಬಿಡುವುದು ಅರ್ಧಂಬರ್ಧ ಕೆಲಸ. ಚಪ್ಪಟೆ ಸ್ಪ್ರಿಂಗ್ ಕಾಲಾದರೆ ಮಾತು ಬೇರೆ.

ಇನ್ನು ಆಕಾರ. ಮುಂಭಾಗ ಮೊಂಡಾಗಿದ್ದರೂ ನಡೆಯುತ್ತದೆ, ಅಂಡಾಕಾರದ ಮೂತಿ ಸಾಕು. ಕೆಡುವುದೆಲ್ಲ ಹಿಂಭಾಗದಲ್ಲಿ. ಅತಿ ಅಗಲದ ಜಾಗ ಉದ್ದದ ಮೂರನೇ ಒಂದರಿಂದ ಐದನೇ ಎರಡರ ನಡುವೆ ಬರಬೇಕು. ಅಲ್ಲಿಂದ ಬಾಲದ ತುದಿಗೆ ಎರಡೂ ಬದಿಯ ಇಳಿಜಾರು ಸುಮಾರು 10 ಡಿಗ್ರಿಯೊಳಗಿರಬೇಕು. ಟೈರು, ಬ್ರೇಕ್ ಕ್ಯಾಲಿಪರ್, ಎರಡೂ ಬದಿಯ ಅಂತರ ಸೇರಿ ಕವಚದ ಅಗಲ 200 ಮಿ.ಮೀ. ಆಯಿತೆನ್ನಿ. ಉದ್ದ 950 ಮಿ.ಮೀ. ಇಟ್ಟು ಅತಿ ಅಗಲವನ್ನು 380ರಲ್ಲಿ ಕೂರಿಸಿದರೆ, ಉಳಿದ 570 ಮಿ.ಮೀ.ಯಲ್ಲಿ ಒಂದು ಬದಿ 100 ಮಿ.ಮೀ. ಇಳಿಯುತ್ತದೆ. ಅದು 10 ಡಿಗ್ರಿ. ಚಂದ ಕಾಣಲೆಂದು ಉದ್ದವನ್ನು 650ಕ್ಕೆ ಮೊಟಕು ಮಾಡಿದರೆ ಇಳಿಜಾರು 14 ಡಿಗ್ರಿ ದಾಟುತ್ತದೆ, ಗಾಳಿ ಮೈಬಿಟ್ಟು ಸುಳಿಯಾಗುತ್ತದೆ. ಕ್ಯಾಲಿಪರ್ ಒಳಬದಿಗೆ ಮಾತ್ರ ಚಾಚಿಕೊಂಡಿರುತ್ತದಾದ್ದರಿಂದ ಟೈರಿನ ನಡುಗೆರೆಯೂ ಕವಚದ ನಡುಗೆರೆಯೂ ಒಂದೇ ಆಗಬೇಕಿಲ್ಲ. ಕಾಗದದ ಮೇಲಿನ ಚಿತ್ರ ನಂಬದೆ ಚಕ್ರ, ಬ್ರೇಕು, ಬ್ರೇಕಿನ ಕೊಳವೆ ಎಲ್ಲವನ್ನೂ ಜೋಡಿಸಿದ ಮೇಲೆ ಅಳತೆ ತೆಗೆಯಬೇಕು.

ಎರಡೇ ಕವಚ ಬೇಕಿದ್ದರೆ ಅಚ್ಚು ಮಾಡುವುದು ದಂಡ. ಫೋಮ್ ಕೆತ್ತಿ, ಅದರ ಮೇಲೇ ಗಾಜಿನೆಳೆಯ (ಗ್ಲಾಸ್) ಬಟ್ಟೆಯನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟಿನೊಂದಿಗೆ ಹಾಸಿ, ಆಮೇಲೆ ಫೋಮ್ ತೆಗೆಯುವುದು ಸುಲಭ. ಇಲ್ಲಿ ರಾಸಾಯನಿಕದ ಎರಡು ವಿಷಯ ಗಟ್ಟಿಯಾಗಿ ನೆನಪಿರಬೇಕು. ಬಿಳಿ ಪಾಲಿಸ್ಟೈರೀನ್ ಫೋಮ್ ಮೇಲೆ ಪಾಲಿಯೆಸ್ಟರ್ ರೆಸಿನ್ ಸುರಿದರೆ ಅದರೊಳಗಿನ ಸ್ಟೈರೀನ್ ಫೋಮನ್ನೇ ಕರಗಿಸುತ್ತದೆ. ಅಲ್ಲಿ ಎಪಾಕ್ಸಿ ರೆಸಿನ್ನೇ ಆಗಬೇಕು. ಬಿಸಿ ತಂತಿಯಿಂದ ಕತ್ತರಿಸಬಹುದಾದದ್ದೂ ಈ ಪಾಲಿಸ್ಟೈರೀನನ್ನು ಮಾತ್ರ. ಪಾಲಿಯುರೆಥೇನ್ ಫೋಮಿಗೆ ಬಿಸಿ ತಂತಿ ತಾಕಿಸಿದರೆ ಹೊರಬರುವ ಹೊಗೆಯಲ್ಲಿ ಸೈನೈಡ್ ಇರುತ್ತದೆ. ಅದನ್ನು ಗರಗಸ, ಉಪ್ಪುಕಾಗದದಿಂದಲೇ ಕೆತ್ತಬೇಕು. ಪಾಲಿಯೆಸ್ಟರ್ ದಾರಿ ಹಿಡಿಯುವವರು ಕೋಬಾಲ್ಟ್ ವೇಗವರ್ಧಕವನ್ನೂ ರೆಸಿನ್ ಗಟ್ಟಿಯಾಗಿಸುವ ಎಂಇಕೆಪಿ ಎಂಬ ರಾಸಾಯನಿಕವನ್ನೂ ಎಂದೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಅದು ಸ್ಫೋಟಿಸುತ್ತದೆ. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಕೆತ್ತನೆಗೆ ತೆಳು ಪ್ಲೈವುಡ್‌ನ ನಾಲ್ಕೈದು ಅಡ್ಡಕೊಯ್ತದ ಮಾದರಿ ಹಲಗೆಗಳು ಸಾಕು. ಕೆತ್ತಿದ ಫೋಮಿಗೆ ಅಗಲವಾದ ಪ್ಯಾಕಿಂಗ್ ಟೇಪ್ ಸುತ್ತಿ ಮೇಣ ಒರೆಸಿದರೆ ಬಟ್ಟೆ ಅಂಟಿಕೊಳ್ಳುವುದಿಲ್ಲ.

ಬಟ್ಟೆ ಚದರ ಮೀಟರಿಗೆ 300 ಗ್ರಾಂ ತೂಗುವ ಎರಡು ದಿಕ್ಕಿನ ನೇಯ್ಗೆಯದು, ಕಟ್ಟುವವರು ‘ಬಿಡ್’ ಎನ್ನುತ್ತಾರಲ್ಲ, ಅದು. ಎಳೆಗಳು ಕವಚದ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಬರುವಂತೆ ಹಾಸಬೇಕು. ಓರೆಯಾಗಿ ಹಾಸಿದ ಬಟ್ಟೆ ಎರಡು ಬಾಗಿನ ಮೈಮೇಲೆ ಸುಕ್ಕಿಲ್ಲದೆ ಕೂರುತ್ತದೆ, ತಿರುಚುವಿಕೆಯನ್ನೂ ತಡೆಯುತ್ತದೆ. ಮೈಗೆ 3 ಪದರ. ಕೆಳಗಿನ ಬಾಯಿಯ ಅಂಚಿಗೆ ಇನ್ನೆರಡು. ಸ್ಕ್ರೂ ಬರುವ ಜಾಗಗಳಲ್ಲಿ ಒಟ್ಟು 8. ಎಂಟೇ ಯಾಕೆಂದರೆ, ಒಂದು ಪದರ ಕನಿಷ್ಠ ಕಾಲು ಮಿ.ಮೀ. ದಪ್ಪ, 8ನೇ ನಂಬರಿನ ಚಪ್ಪಟೆ ತಲೆಯ ಸ್ಕ್ರೂ ಮುಳುಗಲು 2 ಮಿ.ಮೀ. ಆಸುಪಾಸು ದಪ್ಪ ಬೇಕು. ಅದಕ್ಕಿಂತ ತೆಳುವಿದ್ದರೆ ಕೌಂಟರ್‌ಸಿಂಕ್ ಕೊರೆದಾಗ ತೂತಿನ ಅಂಚು ಬ್ಲೇಡಿನಂತಾಗುತ್ತದೆ, ನಡುಗಿ ನಡುಗಿ ಸ್ಕ್ರೂ ತಲೆಯೇ ಕವಚವನ್ನು ದಾಟಿ ಹೊರಬರುತ್ತದೆ.

ರೆಸಿನ್ ತೂಕ ಬಟ್ಟೆಯ ತೂಕದಷ್ಟೇ ಇರಲಿ. ಮೇಲೆ ಹೇಳಿದ ಅಳತೆಯ ಒಂದು ಕವಚದ ಮೈ ಸುಮಾರು 0.75 ಚದರ ಮೀಟರ್. ಮೂರು ಪದರಕ್ಕೆ 675 ಗ್ರಾಂ ಬಟ್ಟೆ, ಅಷ್ಟೇ ರೆಸಿನ್. ಹೆಚ್ಚುವರಿ ಪದರ, ಪುಟ್ಟಿ, ಬಣ್ಣ ಎಲ್ಲ ಸೇರಿ 2 ಕಿಲೋ ಒಳಗೆ ನಿಲ್ಲಬೇಕು. ದಾಟಿದರೆ ರೆಸಿನ್ ಒಸರುತ್ತಿದೆ ಎಂದೇ ಅರ್ಥ. ಹೆಚ್ಚಿನ ರೆಸಿನ್ ಬಲ ಕೊಡುವುದಿಲ್ಲ, ಬಿರುಕು ಕೊಡುತ್ತದೆ. ಒಂದು ಸಲಕ್ಕೆ 100ರಿಂದ 150 ಗ್ರಾಂ ಮಾತ್ರ ಕಲಸಿ, ಕೂಡಲೇ ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡಿ ಗಟ್ಟಿಯಾಗಿಬಿಡುತ್ತದೆ. ಎಪಾಕ್ಸಿಯ ಎರಡು ಭಾಗಗಳನ್ನು ತಕ್ಕಡಿಯಲ್ಲಿ ತೂಗಬೇಕು, ಕಣ್ಣಳತೆ ಸಲ್ಲದು. ಗಟ್ಟಿಕಾರಕ ಸ್ವಲ್ಪ ಹೆಚ್ಚು ಹಾಕಿದರೆ ಬೇಗ ಒಣಗುತ್ತದೆ ಎಂಬುದು ಪಾಲಿಯೆಸ್ಟರ್ ಅಭ್ಯಾಸದಿಂದ ಬಂದ ಮೂಢನಂಬಿಕೆ. ಕೊನೆಯ ಪದರದ ಮೇಲೆ ಪೀಲ್ ಪ್ಲೈ, ಅಂದರೆ ಗಟ್ಟಿಯಾದ ಮೇಲೆ ಕಿತ್ತು ತೆಗೆಯುವ ಬಟ್ಟೆ, ಹಾಸಿದರೆ ಹೆಚ್ಚಿನ ರೆಸಿನ್ ಹೀರಿಕೊಳ್ಳುತ್ತದೆ, ಕಿತ್ತಾಗ ಮುಂದಿನ ಅಂಟಿಗೆ ಹದವಾದ ಒರಟು ಮೈ ಸಿಗುತ್ತದೆ. ಪೀಲ್ ಪ್ಲೈ ಇಲ್ಲದ ಕಡೆ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂತಿರುತ್ತದೆ. ಅದನ್ನು ನೀರಿನಿಂದ ತೊಳೆದ ಮೇಲೆಯೇ ಉಜ್ಜಬೇಕು. ಮೊದಲು ಉಜ್ಜಿದರೆ ಜಿಡ್ಡು ಒಳಕ್ಕಿಳಿದು ಬಣ್ಣದಲ್ಲಿ ‘ಮೀನುಕಣ್ಣು’ ಎನ್ನುವ ಸಣ್ಣ ಗುಳಿಗಳು ಏಳುತ್ತವೆ.

ಫೋಮಿನ ಮೇಲಿರುವಾಗಲೇ ಇಡೀ ಕವಚದ ಸುತ್ತ ಎರಡು ಗೆರೆ ಎಳೆದುಬಿಡಿ: ಮೂತಿಯಿಂದ ಬಾಲದವರೆಗೆ ನಡುಗೆರೆ, ಎರಡು ಪಕ್ಕದಲ್ಲಿ ಮಟ್ಟಗೆರೆ. ಮುಂದಿನ ಕೆಲಸವೆಲ್ಲ ಈ ಗೆರೆಗಳ ಮೇಲೆಯೇ ನಿಂತಿದೆ. ಒಮ್ಮೆ ಬಿಚ್ಚಿ ಕತ್ತರಿಸಿದ ಮೇಲೆ ದುಂಡನೆಯ ವಸ್ತುವಿನ ನಡುವನ್ನು ಹುಡುಕುವುದು ಕಷ್ಟ.

ಕವಚವನ್ನು ಆಕ್ಸಲ್‌ನ ಸ್ವಲ್ಪ ಹಿಂದೆ ಅಡ್ಡಕ್ಕೆ ಕತ್ತರಿಸಿ ಮುಂದಿನ, ಹಿಂದಿನ ಎರಡು ತುಂಡು ಮಾಡುವ ಪದ್ಧತಿಯೇ ಒಳ್ಳೆಯದು. ಒಂದೇ ತುಂಡಿನ ಕವಚವಾದರೆ ಟೈರಿಗೆ ಗಾಳಿ ಹೊಡೆಯಬೇಕಾದಾಗಲೂ ವಿಮಾನ ಎತ್ತಬೇಕಾದೀತು. ಹಾಗಾಗಿ ಯಾರೂ ಬಿಚ್ಚುವುದಿಲ್ಲ, ಒಳಗೆ ಏನಾಗಿದೆ ಎಂದು ನೋಡುವುದೂ ಇಲ್ಲ. ಮುಂದಿನ ತುಂಡಿನ ಒಳಮೈಗೆ ಟೇಪ್ ಹಚ್ಚಿ, ಎರಡನ್ನೂ ಹೊಂದಿಸಿಟ್ಟು, ಹಿಂದಿನ ತುಂಡಿನ ಒಳಗಿನಿಂದ ಮುಂದಕ್ಕೆ 25 ಮಿ.ಮೀ. ಚಾಚುವಂತೆ ಪದರ ಹಾಸಿದರೆ ಒಂದರೊಳಗೊಂದು ಕೂರುವ ತುಟಿ ತಯಾರು. ತುಂಡುಗಳ ನಡುವೆ ಮುಕ್ಕಾಲು ಮಿ.ಮೀ. ಸಂದು ಬಿಡಬೇಕು, ಬಣ್ಣದ ದಪ್ಪ ಬಂದ ಮೇಲೆ ಅದು ಮುಚ್ಚಿಕೊಳ್ಳುತ್ತದೆ.

ಈಗ ಕೂರಿಸುವ ಕೆಲಸ. ಲೇಖಕರು ಅರ್ಧ ದಿನ ಎಂದದ್ದು ಇದಕ್ಕೇ.

ವಿಮಾನ ನೆಲದ ಮೇಲೆ ನಿಂತಿರುವ ಭಂಗಿಯಲ್ಲಿ ಕವಚ ಕೂರಿಸಬಾರದು. ಅದು ಕೆಲಸ ಮಾಡುವುದು ಹಾರುವಾಗ. ನೆಲದಲ್ಲಿ ಭಾರ ಬಿದ್ದಾಗ ಸ್ಪ್ರಿಂಗ್ ಕಾಲು ಅಗಲವಾಗಿರುತ್ತದೆ, ಚಕ್ರ ವಾಲಿರುತ್ತದೆ. ಗಾಳಿಗೇರಿದ ಕೂಡಲೇ ಕಾಲು ಒಳಕ್ಕೂ ಕೆಳಕ್ಕೂ ಬರುತ್ತದೆ. ಕಾಲು ಹಿಂದಕ್ಕೋ ಮುಂದಕ್ಕೋ ಓರೆಯಾಗಿದ್ದರೆ ವಾಲುವುದರ ಜೊತೆಗೆ ಚಕ್ರದ ದಿಕ್ಕೂ ಸ್ವಲ್ಪ ತಿರುಗುತ್ತದೆ. ಬಾಲಗಾಲಿಯ ವಿಮಾನವಾದರೆ ನಿಂತಾಗ ಮೂತಿ ಮೇಲೆ ನೋಡುತ್ತಿರುತ್ತದೆ, ಅದಂತೂ ಹಾರಾಟದ ಭಂಗಿಯೇ ಅಲ್ಲ. ಆದ್ದರಿಂದ ಬಾಲವನ್ನೆತ್ತಿ, ನಕ್ಷೆಯಲ್ಲಿ ಕೊಟ್ಟಿರುವ ಮಟ್ಟಗೆರೆ ಸಮವಾಗುವಂತೆ ಮಾಡಿ, ಟೈರುಗಳ ಮೇಲಿನ ಭಾರ ಪೂರ್ತಿ ಹೋಗುವಷ್ಟು ವಿಮಾನದ ಮೈಯನ್ನು ಎತ್ತಿ ನಿಲ್ಲಿಸಬೇಕು. ಅಡ್ಡಮಟ್ಟವನ್ನೂ ನೋಡಬೇಕು. ಚಕ್ರಗಳ ಟೋ, ಅಂದರೆ ಅವು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಅದರ ಹೊಂದಾಣಿಕೆ ಇದಕ್ಕೆ ಮೊದಲೇ ಮುಗಿದಿರಬೇಕು. ಆಮೇಲೆ ಆಕ್ಸಲ್ ಹಿಂದೆ ಒಂದು ಓರೆ ಶಿಮ್ (ಸಂದಿಗೆ ಕೊಡುವ ತೆಳು ತುಂಡು) ಸೇರಿಸಿದರೂ ಕವಚದ ದಿಕ್ಕು ಕೆಡುತ್ತದೆ.

ವಿಮಾನದ ಮೈಯ ನಡುಗೆರೆಯ ಮುಂದೆ ಒಂದು, ಹಿಂದೆ ಒಂದು ತೂಗುಗುಂಡು ಬಿಟ್ಟು, ನೆಲದ ಮೇಲೆ ಆ ಎರಡು ಚುಕ್ಕೆ ಸೇರುವಂತೆ ಬಣ್ಣದ ದಾರ ಹೊಡೆಯಿರಿ. ಅದಕ್ಕೆ ಸಮಾನಾಂತರವಾಗಿ ಪ್ರತಿ ಚಕ್ರದ ಕೆಳಗೆ ಒಂದೊಂದು ಗೆರೆ. ಟೈರಿನ ನೆತ್ತಿಗೆ 25 ಮಿ.ಮೀ. ದಪ್ಪದ ಫೋಮ್ ತುಂಡು ಅಂಟಿಸಿ ಅದರ ಮೇಲೆ ಕವಚ ಕೂರುವಂತೆ ಮಾಡಿ. ಆ 25 ಮಿ.ಮೀ. ಟೈರಿನ ಸುತ್ತ ಎಲ್ಲ ಕಡೆಯೂ ಬೇಕು. ಹೊಸ ಟೈರು ಓಡಿದಂತೆ ಉಬ್ಬುತ್ತದೆ. ಬೇರೆ ತಯಾರಿಕೆಯ ಟೈರು ಹಾಕಿದಾಗ ಅಳತೆ ಕೆಲವು ಮಿ.ಮೀ. ವ್ಯತ್ಯಾಸವಾಗುತ್ತದೆ. ಕೆಳಗಿನ ಬಾಯಿಯ ಬದಿಗಳಲ್ಲಿ ಟೈರಿಗೂ ಅಂಚಿಗೂ 12 ಮಿ.ಮೀ. ಇರಲಿ. ಇಳಿಯುವಾಗ ಟೈರು ತಳದಲ್ಲಿ ಅಗಲಕ್ಕೆ ಬಿರಿಯುತ್ತದೆ, ಅದಕ್ಕಿಂತ ಬಿಗಿಯಾದ ಬಾಯಿಯನ್ನು ಉಜ್ಜಿಯೇ ಉಜ್ಜುತ್ತದೆ. ಹಾಗೆಂದು ಬಾಯಿ ತೀರಾ ದೊಡ್ಡದಾದರೆ ಕವಚದ ಲಾಭವೇ ಹೋಗುತ್ತದೆ. ಭಾರ ಬಿದ್ದಾಗ ಕೆಳ ಅಂಚಿಗೂ ನೆಲಕ್ಕೂ 75 ಮಿ.ಮೀ. ಅಂತರ ಗಟ್ಟಿ ಓಡುದಾರಿಗೆ ಸಾಕು, ಹುಲ್ಲಿಗೆ 100. ಟೈರು ಪೂರ್ತಿ ಗಾಳಿ ಬಿಟ್ಟರೆ ಆಕ್ಸಲ್ ಎಷ್ಟು ಕೆಳಗೆ ಬರುತ್ತದೆ ಎಂದು ಅಳೆದು ನೋಡಿದರೆ ಈ ಅಂಕಿ ಯಾಕೆಂದು ತಿಳಿಯುತ್ತದೆ.

ಈಗ ಮೂತಿಯ ತುದಿಯಿಂದ, ಬಾಲದ ತುದಿಯಿಂದ ತೂಗುಗುಂಡು ಬಿಟ್ಟು ನೆಲದ ಗೆರೆಗೆ ದೂರ ಅಳೆಯಿರಿ. 950 ಮಿ.ಮೀ. ಉದ್ದದ ಕವಚ 1 ಡಿಗ್ರಿ ತಿರುಗಿದರೆ ಎರಡು ತುದಿಗಳ ನಡುವೆ ಸುಮಾರು 17 ಮಿ.ಮೀ. ವ್ಯತ್ಯಾಸ ಬರುತ್ತದೆ. 3 ಮಿ.ಮೀ. ಒಳಗೆ ತಂದರೆ ಓರೆ ಡಿಗ್ರಿಯ ಐದನೇ ಒಂದು ಭಾಗಕ್ಕೂ ಕಡಿಮೆ. ಅದಕ್ಕಿಂತ ಹೆಚ್ಚು ಬೆನ್ನು ಹತ್ತುವುದು ವ್ಯರ್ಥ. ಪಕ್ಕದ ಮಟ್ಟಗೆರೆಯನ್ನು ಸ್ಪಿರಿಟ್ ಲೆವೆಲ್‌ನಿಂದ ನೋಡಿ. ಎರಡೂ ಬದಿಯ ಕವಚಗಳ ಎತ್ತರ ಒಂದೇ ಇದೆಯೇ ಎಂದು ಎದುರಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ಕಣ್ಣಲ್ಲೇ ನೋಡುವುದು ಒಳ್ಳೆಯದು. ಟೇಪಿಗೆ ಸಿಗದ ಓರೆ ಕಣ್ಣಿಗೆ ಸಿಗುತ್ತದೆ.

ಬ್ರಾಕೆಟ್‌ಗಳ ಮಾತಿಗೆ ಬಂದರೆ, ಒಳಬದಿಯದು 1.6 ಮಿ.ಮೀ. ದಪ್ಪದ 2024-ಟಿ3 ಅಲ್ಯುಮಿನಿಯಂ ತಗಡು. ಅದನ್ನು ಆಕ್ಸಲ್ ಫ್ಲಾಂಜ್‌ನ ಬೋಲ್ಟುಗಳಿಗೇ ಕೊಡುವುದು ವಾಡಿಕೆ. ಆದರೆ ಕಾಲಿಗೂ ಆಕ್ಸಲ್‌ಗೂ ನಡುವೆ ಸಿಕ್ಕಿಸಬಾರದು. ನಾಲ್ಕು ಬೋಲ್ಟುಗಳಲ್ಲಿ ಎರಡರ ಕೆಳಗೆ ಮಾತ್ರ ತಗಡು ಬಂದರೆ ಅದೇ ಶಿಮ್ ಆಗಿ ಟೋ ಕೆಡುತ್ತದೆ. ಬೋಲ್ಟಿನ ತಲೆಯ ಅಥವಾ ನಟ್ಟಿನ ಬದಿಗೆ ಕೊಡಿ, ಹೊಸ ದಪ್ಪಕ್ಕೆ ತಕ್ಕಂತೆ ಉದ್ದದ ಬೋಲ್ಟು ಹಾಕಿ, ನಟ್ಟಿನಾಚೆ ಒಂದರಿಂದ ಮೂರು ಎಳೆ ಕಾಣಬೇಕು. ಬಿಗಿಯುವ ತಿರುಚುಬಲ ಎಎನ್4 ಅಳತೆಯ ವಿಮಾನ ಬೋಲ್ಟಿಗೆ 50ರಿಂದ 70 ಇಂಚ್-ಪೌಂಡ್, ಎಎನ್5ಕ್ಕೆ 100ರಿಂದ 140. ಬ್ರೇಕ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ. ಹೊರಬದಿಯಲ್ಲಿ ಆಕ್ಸಲ್ ತುದಿಗೆ ಸ್ಪೇಸರ್ ಕೂರಿಸಿ ಒಂದು ಬೋಲ್ಟು. ಆ ಒಂದು ಬೋಲ್ಟು ಕವಚ ಹೊರಕ್ಕೆ ಹೋಗದಂತೆ ಹಿಡಿಯುತ್ತದೆಯೇ ಹೊರತು ತಿರುಗದಂತೆ ಹಿಡಿಯುವುದಿಲ್ಲ. ತಿರುಗುವಿಕೆಯನ್ನು ತಡೆಯಬೇಕಾದ್ದು ಒಳ ಬ್ರಾಕೆಟ್. ಅದರಲ್ಲಿ ಕನಿಷ್ಠ ನಾಲ್ಕು ಸ್ಕ್ರೂ, ಆಕ್ಸಲ್‌ನಿಂದ ಎಷ್ಟು ದೂರ ಹರಡಲು ಸಾಧ್ಯವೋ ಅಷ್ಟು ದೂರ. ಎರಡು ಸ್ಕ್ರೂಗಳನ್ನು ಅಕ್ಕಪಕ್ಕ ಹಾಕಿ ತೃಪ್ತಿಪಟ್ಟರೆ ಮೊದಲು ಆ ತೂತುಗಳಿಂದ ಬಿರುಕು ಶುರುವಾಗುತ್ತದೆ, ಆಮೇಲೆ ಕವಚ ಮುಂದಕ್ಕೆ ಬಾಗಿ ಟೈರಿಗೆ ತಾಗುತ್ತದೆ. ತಿರುಗುವ ಟೈರು ಕವಚವನ್ನು ಹಿಡಿದರೆ ಬಿಡುವುದಿಲ್ಲ. ತುಂಡುಗಳು ಫ್ಲಾಪ್ ಮತ್ತು ಬಾಲದ ಕಡೆಗೆ ಹಾರುತ್ತವೆ.

ಹಿಂದೆ ಮರೆಯಾದ ಬ್ರಾಕೆಟ್‌ನ ತೂತನ್ನು ಕವಚದ ಹೊರಗಿನಿಂದ ಹುಡುಕಲು ಸುಲಭ ದಾರಿಯಿದೆ. ಬಣ್ಣ ಹಚ್ಚದ ಗ್ಲಾಸ್ ಬಟ್ಟೆ ಬೆಳಕು ಬಿಡುತ್ತದೆ. ಬ್ರಾಕೆಟ್‌ಗೆ ಮೊದಲೇ 2.5 ಮಿ.ಮೀ. ತೂತು ಕೊರೆದಿಟ್ಟು, ಒಳಗೆ ಪ್ರಖರ ದೀಪ ಇಟ್ಟರೆ ಚುಕ್ಕೆ ಹೊರಗೆ ಕಾಣುತ್ತದೆ. ಅಲ್ಲಿಗೇ ಕೊರೆದು ಕ್ಲೀಕೋ (ತೂತಿನಲ್ಲಿ ತಾತ್ಕಾಲಿಕವಾಗಿ ಹಿಡಿಯುವ ಕ್ಲಿಪ್) ಹಾಕಿ, ಮುಂದಿನದಕ್ಕೆ ಹೋಗಿ. ಎಲ್ಲ ತೂತೂ ಕ್ಲೀಕೋ ಹಿಡಿದು, ತೂಗುಗುಂಡಿನ ಅಳತೆ ಇನ್ನೊಮ್ಮೆ ಸರಿಬಂದ ಮೇಲೆಯೇ ಪೂರ್ತಿ ಅಳತೆಗೆ ಹಿಗ್ಗಿಸುವುದು. ಇದೇ ಕಾರಣಕ್ಕೆ ಪ್ರೈಮರ್, ಬಣ್ಣದ ಜೆಲ್‌ಕೋಟ್ ಎಲ್ಲ ಕೂರಿಸಿದ ಮೇಲೆ. ಕೊರೆಯುವಾಗ ಹಿಂದೆ ಮರದ ತುಂಡು ಒತ್ತಿ ಹಿಡಿಯದಿದ್ದರೆ ಒಳಪದರ ಚಕ್ಕೆ ಎದ್ದು ಬರುತ್ತದೆ. ನಟ್ ಪ್ಲೇಟುಗಳು, ಅಂದರೆ ತಗಡಿಗೇ ರಿವೆಟ್ ಹೊಡೆದು ಕೂರಿಸುವ ನಟ್ಟುಗಳು, ಬ್ರಾಕೆಟ್‌ನಲ್ಲಿರಲಿ. ಎರಡು ತುಂಡು ಸೇರುವ ತುಟಿಯಲ್ಲಿ ಗ್ಲಾಸಿಗೇ ರಿವೆಟ್ ಹೊಡೆಯಬೇಕಾಗಿ ಬಂದರೆ ಮೆಲ್ಲಗೆ ಒತ್ತಬೇಕು, ಅಲ್ಯುಮಿನಿಯಂಗೆ ಒತ್ತಿದಂತೆ ಒತ್ತಿದರೆ ಗ್ಲಾಸ್ ನುಜ್ಜಾಗುತ್ತದೆ. ಸ್ಕ್ರೂ ತಲೆಯ ಕೆಳಗೆ ಬಟ್ಟಲಿನಾಕಾರದ ಟಿನ್ನರ್‌ಮನ್ ವಾಷರ್ ಹಾಕಿದರೆ ತೂತು ಬಹುಕಾಲ ಬಾಳುತ್ತದೆ. ಟೈರಿನ ವಾಲ್ವ್ ಎದುರಿಗೆ ಬೆರಳು ಮತ್ತು ಪಂಪಿನ ಮೂತಿ ಹೋಗುವಷ್ಟು ತೂತು, ಅದಕ್ಕೊಂದು ಬಿರಡೆ. ಬಾಲದ ತಳದಲ್ಲಿ 6 ಮಿ.ಮೀ. ನೀರು ಬಸಿಯುವ ತೂತು.

ಲೇಖನದಲ್ಲಿ ಒಂದು ಅಕ್ಷರವೂ ಇಲ್ಲದ ವಿಷಯ ಬೆಂಕಿ. ಕವಚ ಬ್ರೇಕಿಗೆ ತಾಗುವ ಗಾಳಿಯನ್ನು ತಡೆಯುತ್ತದೆ. ಮೂಗುಗಾಲಿ ತನ್ನಷ್ಟಕ್ಕೆ ತಿರುಗುವ ವಿಮಾನಗಳಲ್ಲಿ ನೆಲದ ಮೇಲೆ ದಿಕ್ಕು ಬದಲಿಸುವುದೇ ಬ್ರೇಕಿನಿಂದ. ನೆಲದ ಮೇಲೆ ಉದ್ದದ ಓಟ (ಟ್ಯಾಕ್ಸಿ), ಪಕ್ಕದ ಗಾಳಿ, ಎಂಜಿನ್ ಸ್ವಲ್ಪ ಜೋರು, ಇಷ್ಟು ಕೂಡಿದರೆ ಡಿಸ್ಕ್ ಕೆಂಪಾಗುವಷ್ಟು ಕಾಯುತ್ತದೆ. ಕ್ಯಾಲಿಪರ್‌ನ ಓ-ರಿಂಗ್ ಸೋತರೆ ದ್ರವ ಬಿಸಿ ಡಿಸ್ಕಿನ ಮೇಲೆ ಚಿಮ್ಮುತ್ತದೆ. ಬಹಳ ಮಂದಿ ಬಳಸುವ ಕೆಂಪು ದ್ರವ, ಮಿಲ್-ಎಚ್-5606, ಅದರ ಕನಿಷ್ಠ ಹೊತ್ತುವ ಬಿಂದು (ಫ್ಲ್ಯಾಶ್ ಪಾಯಿಂಟ್) 82 ಡಿಗ್ರಿ ಸೆಲ್ಸಿಯಸ್ ಮಾತ್ರ. ಮಿಲ್-ಪಿಆರ್‌ಎಫ್-83282 ದ್ರವದ್ದು 205. ಸುತ್ತಲೂ ಇರುವುದು ಎಪಾಕ್ಸಿ ಮತ್ತು ಗ್ಲಾಸ್; ಎಪಾಕ್ಸಿ ಚೆನ್ನಾಗಿಯೇ ಉರಿಯುತ್ತದೆ. ಕವಚ ಹಾಕುವ ವಿಮಾನದಲ್ಲಿ 83282 ಬಳಸುವುದು, ಬ್ರೇಕಿನ ಎದುರಿನ ಒಳಮೈಗೆ ಹಿಂಬದಿಯಲ್ಲಿ ಅಂಟುಳ್ಳ ಅಲ್ಯುಮಿನಿಯಂ ಹಾಳೆ ಹಚ್ಚುವುದು, ಕೊಳವೆ ಕವಚದ ಅಂಚಿಗೆ ಉಜ್ಜದಂತೆ ರಬ್ಬರ್ ಗ್ರೊಮೆಟ್ ಹಾಕುವುದು, ಮೂರೂ ಐಚ್ಛಿಕ ಅಲ್ಲ ಎಂದು ನಾನು ಭಾವಿಸುತ್ತೇನೆ. ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ 60 ಡಿಗ್ರಿ ಸುಮಾರಿಗೇ ಮೆತ್ತಗಾಗಲು ಶುರುವಾಗುತ್ತದೆ ಎಂಬುದೂ ನೆನಪಿರಲಿ. ಬಿಸಿಲಲ್ಲಿ ನಿಲ್ಲಿಸಿದ ಕಡುಬಣ್ಣದ ಕವಚ ಬ್ರೇಕಿನ ನೆರವಿಲ್ಲದೆಯೇ ಅಲ್ಲಿಗೆ ತಲುಪಬಲ್ಲದು. ಬಿಳಿ ಬಣ್ಣ ಹಾಕಿ, ಪಟ್ಟೆ ಬೇಕಾದರೆ ಆಮೇಲೆ ನೋಡೋಣ.

ಕಾಲಿನ ಹೊದಿಕೆಯ ಬಗ್ಗೆ. ಎರಡು ಪದರ ಗ್ಲಾಸ್, ದಪ್ಪದ ನಾಲ್ಕು ಪಟ್ಟು ಅಗಲದ ಹನಿಯಾಕಾರ, ಹಿಂದಿನ ಅಂಚಿನಲ್ಲಿ ಪಿಯಾನೋ ಹಿಂಜ್. ಇದರ ದಿಕ್ಕು ಚಕ್ರಕವಚದ ದಿಕ್ಕಿಗಿಂತ ಸೂಕ್ಷ್ಮ. ಇದು ನಿಂತಿರುವ ಸಣ್ಣ ರೆಕ್ಕೆ. ಒಂದೆರಡು ಡಿಗ್ರಿ ಓರೆಯಾದರೂ ರಡರ್ (ಬಾಲದ ಚುಕ್ಕಾಣಿ) ಒತ್ತಿಕೊಂಡೇ ಹಾರಬೇಕಾಗುತ್ತದೆ. ಮುಂದಿನ ಅಂಚಿನ ನಡುವಿನಿಂದ ದಾರವನ್ನು ಎರಡು ಬದಿಗೂ ಸುತ್ತಿ ಹಿಂದಕ್ಕೆ ಎಳೆದು, ಆ ದಾರ ಮೈಯ ನಡುಗೆರೆಗೆ ಸಮಾನಾಂತರವಾಗಿ ಕೂಡುವಲ್ಲಿ ಹಿಂದಿನ ಅಂಚು ಬರಬೇಕು. ಇದೂ ಬಾಲ ಎತ್ತಿ, ಭಾರ ಇಳಿಸಿದ ಭಂಗಿಯಲ್ಲೇ. ಕಾಲು ಮೈಗೆ ಸೇರುವಲ್ಲಿ, ಕವಚಕ್ಕೆ ಸೇರುವಲ್ಲಿ ಉಳಿದ ಮೂಲೆಗಳನ್ನು ಪ್ಲಾಸ್ಟಿಸಿನ್ ಮೆತ್ತಿ 25ರಿಂದ 40 ಮಿ.ಮೀ. ತ್ರಿಜ್ಯದ ಒಳಬಾಗು ಕೊಟ್ಟು, ಟೇಪ್ ಹಚ್ಚಿ, ಮೇಲೆ ಮೂರು ಪದರ ಹಾಸಿ ತೆಗೆಯುವುದು. ಮೇಲಿನ ತುಂಡನ್ನು ಮೈಗೂ ಕಾಲಿಗೂ ಎರಡಕ್ಕೂ ಬಿಗಿಯಬೇಡಿ. ವಿಮಾನ ಇಳಿಯುವಾಗ ಕಾಲು ಹಿಂದಕ್ಕೂ ಹೊರಕ್ಕೂ ಬಾಗುತ್ತದೆ. ಒಂದು ಕಡೆ ಬಿಗಿದು ಇನ್ನೊಂದು ಕಡೆ 3 ಮಿ.ಮೀ. ಸಂದು ಬಿಟ್ಟು ರಬ್ಬರ್ ಅಂಚು ಕೊಡಿ.

ಮೈಗೆ ಪುಟ್ಟಿ ಹಾಕಿ ನಯ ಮಾಡುವುದು ಬೇಸರದ ಕೆಲಸವೇ ಹೊರತು ಕಷ್ಟದ್ದಲ್ಲ. ಎಪಾಕ್ಸಿಗೆ ಮೈಕ್ರೋಬಲೂನ್ (ಪುಡಿಯಂಥ ಟೊಳ್ಳು ಮಣಿಗಳು) ಬೆರೆಸಿ ಹಚ್ಚಿ, ಉದ್ದ ಹಲಗೆಗೆ ಸುತ್ತಿದ ಉಪ್ಪುಕಾಗದದಿಂದ ಉಜ್ಜಿ, ಬರಿಯ ಎಪಾಕ್ಸಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತಿ ಎಳೆದರೆ ಸೂಜಿರಂಧ್ರ ಮುಚ್ಚುತ್ತವೆ. ಗ್ಲಾಸಿನ ದೂಳಿಗೆ ಮುಖಕವಚ ಬೇಕು. ಮೈಕ್ರೋ ಹಗುರ, ಬಲವಿಲ್ಲ. ಬಲ ಬೇಕಾದ ಮೂಲೆಗೆ ಹತ್ತಿಯೆಳೆಯ ಫ್ಲಾಕ್ಸ್.

ಹೊಸ ವಿಮಾನದ ಮೊದಲ ಹಾರಾಟಗಳು ಕವಚವಿಲ್ಲದೆ ನಡೆಯಲಿ. ಬ್ರೇಕಿನ ಸೋರಿಕೆ, ಟೈರಿನ ಸವೆತ ಕಣ್ಣಿಗೆ ಬೀಳುತ್ತವೆ. ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ ಸ್ಲಿಪ್ ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದೂ ದಾಖಲಾಗುತ್ತದೆ. ಆಮೇಲೆ ಕಾಲಿನ ಹೊದಿಕೆ ಒಂದೇ ಹಾಕಿ ಹಾರಿ, ಗುಂಡು ಕದಲಿತೋ ನೋಡಿ, ನಂತರ ಚಕ್ರಕವಚ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಗುಂಡು ಪಕ್ಕಕ್ಕೆ ಹೋದಾಗ ತಪ್ಪು ನಾಲ್ಕರಲ್ಲಿ ಯಾವುದರದ್ದು ಎಂದು ತಿಳಿಯುವುದಿಲ್ಲ. ವೇಗದ ಲಾಭವನ್ನು ಒಂದೇ ಎತ್ತರ, ಒಂದೇ ಆರ್‌ಪಿಎಂನಲ್ಲಿ ಎದುರುಬದುರು ದಿಕ್ಕುಗಳಲ್ಲಿ ಹಾರಿ ಜಿಪಿಎಸ್ ಸರಾಸರಿ ತೆಗೆದು ನೋಡಬೇಕು, ಇಲ್ಲದಿದ್ದರೆ ಗಾಳಿಯ ಕೊಡುಗೆಯನ್ನು ಕವಚದ ಲೆಕ್ಕಕ್ಕೆ ಬರೆದಂತಾಗುತ್ತದೆ. ಬಾಲದ ಕಡೆ ಇಳಿಜಾರಿನಲ್ಲಿ ಗಾಳಿ ಮೈಬಿಡುತ್ತಿದೆ ಎಂಬ ಅನುಮಾನವಿದ್ದರೆ 8 ಸೆಂ.ಮೀ. ಉಣ್ಣೆಯ ಎಳೆಗಳನ್ನು ಟೇಪಿನಿಂದ ಅಂಟಿಸಿ, ರೆಕ್ಕೆಯ ಕೆಳಗೊಂದು ಕ್ಯಾಮೆರಾ ಇಟ್ಟು ಹಾರಿ. ಎಳೆ ಮೈಗೆ ಮಲಗಿದ್ದರೆ ಸರಿ, ಕುಣಿಯುತ್ತಿದ್ದರೆ ಅಲ್ಲಿ ಸುಳಿ ಇದೆ. ಬಾಲಗಾಲಿ ವಿಮಾನದಲ್ಲಿ ಮುಖ್ಯ ಚಕ್ರಗಳು ಗುರುತ್ವಕೇಂದ್ರದ ಮುಂದಿರುವುದರಿಂದ ಕವಚದ ಪಕ್ಕಮೈ ದಿಕ್ಕಿನ ಸ್ಥಿರತೆಯನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಅಡ್ಡಗಾಳಿಯ ಇಳಿತದಲ್ಲಿ ರಡರ್ ಒತ್ತುವ ಪೈಲಟ್‌ನ ಕಾಲಿಗೆ ಅದು ಗೊತ್ತಾಗುತ್ತದೆ. ತೂಕ ಮತ್ತು ಸಮತೋಲದ ಹಾಳೆಯನ್ನು ಕವಚ ಹಾಕಿ ಮತ್ತೆ ತೂಗಿ ಬರೆಯಬೇಕು.

ಕೆಸರಿನ ಹುಲ್ಲುಮೈದಾನದಲ್ಲಿ ಕವಚ ಬಿಚ್ಚಿಟ್ಟು ಹಾರುವುದೇ ಸರಿ. ಒಳಗೆ ಮೆತ್ತಿದ ಕೆಸರು ಒಣಗಿ ಗಟ್ಟಿಯಾದರೆ ಆ 25 ಮಿ.ಮೀ. ಅಂತರ ಇಲ್ಲವಾಗುತ್ತದೆ, ಬಾಲದಲ್ಲಿ ತುಂಬಿದ್ದು ಬ್ರಾಕೆಟ್ ಮೇಲೆ ಲೆಕ್ಕಕ್ಕಿಲ್ಲದ ಭಾರ ಹಾಕುತ್ತದೆ. ಒಣ ನೆಲದಲ್ಲೇ ಹಾರುವವರೂ 25 ಗಂಟೆಗೊಮ್ಮೆ ಹಿಂದಿನ ತುಂಡು ತೆಗೆದು ಸ್ಕ್ರೂ ತೂತುಗಳ ಸುತ್ತ ಬಿರುಕು, ಬ್ರಾಕೆಟ್‌ನ ಬಾಗುಗಳಲ್ಲಿ ಬಿರುಕು, ಆಕ್ಸಲ್ ನಟ್ಟಿನ ಕಾಟರ್ ಪಿನ್, ಕೊಳವೆಯ ಉಜ್ಜು ನೋಡಬೇಕು. ಎರಡೂ ಬದಿಗೆ ಸ್ಕ್ರೂಡ್ರೈವರ್ ಹಿಡಿದು ಇಪ್ಪತ್ತು ನಿಮಿಷ.

ಇತಿ,
ಹವ್ಯಾಸಿ ವಿಮಾನ ನಿರ್ಮಾತೃ